ಹಡಗಿಗೆ ಹಿಡಿದ ಕನ್ನಡಿ

ರಾಮಾ ನಾಯ್ಕನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಮೂವತ್ತಾರು ವರ್ಷ ಟೆಲಿಫೋನ್ ಇಲಾಖೆಯಲ್ಲಿ ಕಂಬ ಹತ್ತಿ, ಆ ತುದಿಯವರಿಗೆ ಕೇಳುತ್ತದೋ ಇಲ್ಲವೋ ಎಂಬ ಅನುಮಾನದಲ್ಲೇ ಕೂಗಿ ಕೂಗಿ ಪಳಗಿದ ಗಂಟಲು ಅದು. ಹಾಗಾಗಿ ಅವನೂ ಅವನ ಹೆಂಡತಿ ಪೂರ್ಣಿಮಾಳೂ ದೀಪಾವಳಿಗೆ ಮುಂಚೆ ಮುಂಬೈಯಿಂದ ಕೊಚ್ಚಿಗೆ ಪ್ರವಾಸದ ಹಡಗಿನಲ್ಲಿ ಹೋಗುತ್ತಾರೆ ಎಂಬ ಸುದ್ದಿ ಕಾರವಾರದ ಕೋಡಿಬಾಗಕ್ಕೆಲ್ಲ ಹಬ್ಬಲು ಒಂದು ಬೆಳಗ್ಗೆ ಸಾಕಾಯಿತು. ಹಡಗು ಕಾರವಾರದ ಎದುರಿಗೇ ಹಾದು ಹೋಗುತ್ತದೆ, ಎಲ್ಲರೂ ದಂಡೆಗೆ ಬಂದು ಕೈ ಬೀಸಬೇಕು ಎಂದು ಅವನು ಮೀನು ಪೇಟೆಯಲ್ಲಿ, ಕ್ಷೌರದಂಗಡಿಯಲ್ಲಿ, ಕೊನೆಗೆ ಕನ್ನಡಕಕ್ಕೆ ಸ್ಕ್ರೂ ಹಾಕಿಸಲು ಹೋದಲ್ಲಿಯೂ ಹೇಳಿ ಬಂದಿದ್ದ.

ಪೂರ್ಣಿಮಾಗೆ ಇಂಥ ಗದ್ದಲ ಆಗಿಬರುವುದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಹಿಂದಿನ ವರ್ಷವಷ್ಟೇ ನಿವೃತ್ತಳಾದವಳು. ಬೀಳ್ಕೊಡುಗೆಯ ದಿನ ಹಾರ ಹಾಕಲು ಬಂದಾಗಲೂ ಕುತ್ತಿಗೆಗೆ ಬೇಡ, ಕೈಗೇ ಕೊಡಿ ಅಂದಿದ್ದಳು. ಈ ಪ್ರವಾಸಕ್ಕೆ ಒಪ್ಪಿದ್ದು ಒಂದೇ ಆಸೆಯಿಂದ. ಹುಟ್ಟಿದಾಗಿನಿಂದ ದಂಡೆಯಲ್ಲಿ ನಿಂತು ಕಡಲು ನೋಡಿದ್ದಳು, ಒಮ್ಮೆ ಕಡಲಲ್ಲಿ ನಿಂತು ದಂಡೆ ನೋಡಬೇಕೆಂದಿತ್ತು.

ಹೊರಡುವ ವಾರ ಗಂಡ ಹೆಂಡತಿ ಸಂಕೇತನ ಅಂಗಡಿಗೆ ಹೋಗಿದ್ದರು. ಸಂಕೇತ ಪೂರ್ಣಿಮಾಳ ಹಳೆಯ ವಿದ್ಯಾರ್ಥಿ. ಈಗ ಗಾಜು, ಪ್ಲೈವುಡ್ ವ್ಯಾಪಾರ. ಕಿಟಕಿ ಗಾಜಿನ ಅಳತೆ ಹೇಳುವುದು ಬಿಟ್ಟು ರಾಮಾ ಅಲ್ಲಿಯೂ ಕೈ ಬೀಸುವ ಮಾತು ತೆಗೆದ. ಪೂರ್ಣಿಮಾಗೆ ತಡೆಯಲಾಗಲಿಲ್ಲ.

"ಹಡಗು ಇಪ್ಪತ್ತು ಕಿಲೋಮೀಟರ್ ಆಚೆ ಹೋಗ್ತದೆ. ಅಷ್ಟು ದೂರಕ್ಕೆ ಕೈ ಎಂತ ಕಾಣ್ತದೆ? ಜನ ನಿಂತದ್ದೇ ಕಾಣೂದಿಲ್ಲ. ಕನ್ನಡಿ ಹಿಡಿದ್ರೆ ಬೇರೆ ಮಾತು."

ಸಂಕೇತ ಅಳತೆ ಪಟ್ಟಿ ಕೆಳಗಿಟ್ಟ. "ಎಷ್ಟು ದೊಡ್ಡ ಕನ್ನಡಿ ಬೇಕು ಅಕ್ಕೋರೇ?"

"ಅಂಗೈಯಷ್ಟಾದ್ರೂ ಸಾಕು."

ಬಾಯಿತಪ್ಪಿ ಬಂದ ಮಾತು. ಆದರೆ ಕೇಳಿದ ಮೇಲೆ ಹೇಳಿಕೊಡದೆ ಇರುವ ಅಭ್ಯಾಸ ಅವಳಿಗಿಲ್ಲ. ಮಧ್ಯಾಹ್ನದ ಮೇಲೆ ಸೂರ್ಯ ಪಶ್ಚಿಮಕ್ಕಿರುತ್ತಾನೆ, ಹಡಗೂ ಪಶ್ಚಿಮಕ್ಕೆ, ಅದು ಅನುಕೂಲ. ಎಡಗೈ ಉದ್ದಕ್ಕೆ ಚಾಚಿ ಎರಡು ಬೆರಳು ಕವೆಯ ಹಾಗೆ ತೆರೆಯಬೇಕು, ಹಡಗು ಆ ಬೆರಳುಗಳ ನಡುವೆ ಕಾಣುವಂತೆ ಹಿಡಿಯಬೇಕು, ಬಲಗೈಯ ಕನ್ನಡಿಯಿಂದ ಬೆಳಕು ಬೆರಳ ಮೇಲೇ ಬೀಳುವ ಹಾಗೆ ತಿರುಗಿಸಬೇಕು. ಬೆರಳಿಗೆ ಬಿದ್ದ ಬೆಳಕು ಹಡಗಿಗೂ ಬಿತ್ತೆಂದೇ ಲೆಕ್ಕ. ದಂಡೆಗಿಂತ ಎತ್ತರದ ಜಾಗ ಒಳ್ಳೆಯದು. ಸುತ್ತ ನೌಕಾನೆಲೆ ಇರುವ ಊರು, ಠಾಣೆಗೆ ಮೊದಲೇ ತಿಳಿಸಿ ಎಂದೂ ಹೇಳಿದಳು. ಸಂಕೇತ ಎಲ್ಲವನ್ನೂ ಬಿಲ್ ಪುಸ್ತಕದ ಹಿಂದೆ ಬರೆದುಕೊಂಡ. ಸಂಜೆಯೊಳಗೆ ಅದು ರೂಪಾಲಿಗೆ ತಲುಪಿತು. ರೂಪಾಲಿಯೂ ಪೂರ್ಣಿಮಾಳ ಶಿಷ್ಯೆ. ಈಗ ಅದೇ ಶಾಲೆಯಲ್ಲಿ ಅವಳ ಜಾಗದಲ್ಲೇ ವಿಜ್ಞಾನ ಕಲಿಸುತ್ತಾಳೆ. ಅಂಗಡಿಯಲ್ಲಿ ಬಿದ್ದಿದ್ದ ತುಂಡು ಕನ್ನಡಿಗಳನ್ನೆಲ್ಲ ಅಂಚು ಉಜ್ಜಿ ನಲವತ್ತು ಮಾಡಿದ್ದೇನೆ ಎಂದು ಸಂಕೇತ ಎರಡೇ ದಿನದಲ್ಲಿ ಫೋನ್ ಮಾಡಿದ. ಮೂರು ಗಂಟೆಗೆ ಅವಳ ಹಳೆಯ ವಿದ್ಯಾರ್ಥಿಗಳೆಲ್ಲ ಸದಾಶಿವಗಡದ ಗುಡ್ಡದ ಮೇಲಿರುತ್ತಾರಂತೆ.

"ನೋಡಿ, ಸುಮ್ಮನೆ ಜನರ ಕೆಲಸ ಕೆಡಿಸಿದ್ರಿ" ಎಂದು ಪೂರ್ಣಿಮಾ ಗಂಡನನ್ನು ದೂರಿದಳು. ಐಡಿಯಾ ನಿನ್ನದೇ ಅಲ್ಲವೇ ಎಂದು ಅವನು ಇಡೀ ಓಣಿಗೆ ಕೇಳುವಂತೆ ನಕ್ಕ.

ಹಡಗು ಮುಂಬೈ ಬಿಟ್ಟದ್ದು ಒಂದೂವರೆ ತಾಸು ತಡವಾಗಿ. ಮರುದಿನ ಎಚ್ಚರವಾದಾಗ ಸುತ್ತ ನೀರು ಬಿಟ್ಟರೆ ಏನೂ ಇರಲಿಲ್ಲ. ಮಳೆಗಾಲ ತೊಳೆದಿಟ್ಟ ಆಕಾಶ, ಎಣ್ಣೆ ಸವರಿದಂತೆ ನುಣುಪಾದ ಕಡಲು. ಪೂರ್ಣಿಮಾ ಚಹಾದ ಕಪ್ಪು ಹಿಡಿದು ಮೇಲಿನ ಡೆಕ್ಕಿಗೆ ಬಂದು ಒಂದು ತಾಸು ಏನೂ ಮಾಡದೆ ಕೂತಳು. ಹಾಗೆ ಕೂತದ್ದು ಎಷ್ಟು ವರ್ಷಕ್ಕೋ ಅವಳಿಗೇ ನೆನಪಾಗಲಿಲ್ಲ. ಗಾಳಿಗೆ ಜಡೆ ಬಿಚ್ಚಿಹೋಯಿತು, ಕಟ್ಟುವ ಗೋಜಿಗೆ ಹೋಗಲಿಲ್ಲ. ರಾಮಾ ಅಷ್ಟರೊಳಗೆ ನಾಲ್ಕು ಅಂತಸ್ತು ಸುತ್ತಿ ಬಂದಿದ್ದ. ಈಜುಕೊಳದ ನೀರೂ ಉಪ್ಪೇ ಎಂದು ರುಚಿ ನೋಡಿ ಖಾತ್ರಿ ಮಾಡಿಕೊಂಡಿದ್ದ. ತಿಂಡಿಗೆ ಹನ್ನೊಂದು ಬಗೆ ಇದ್ದರೂ ಒಂದು ತುಂಡು ಮೀನಿಲ್ಲ ಎಂಬುದಷ್ಟೇ ಅವನ ತಕರಾರು.

ಮಧ್ಯಾಹ್ನದೊಳಗೆ ಅರ್ಧ ಹಡಗಿಗೆ ಕನ್ನಡಿಯ ಕಥೆ ಗೊತ್ತಾಗಿತ್ತು. ಅವನ ಹಿಂದಿ ತುಂಬ ಕೊಂಕಣಿಯೇ ಆದರೂ ದನಿ ದೊಡ್ಡದಿದ್ದುದರಿಂದ ಯಾರೂ ಅರ್ಥವಾಗಲಿಲ್ಲ ಎನ್ನಲಿಲ್ಲ. ಮೂರೂವರೆಯ ಹೊತ್ತಿಗೆ ಡೆಕ್ಕಿನ ಎಡಬದಿಯಲ್ಲಿ ಮೂವತ್ತು ನಲವತ್ತು ಜನ ಸೇರಿದರು. ನಾಗಪುರದ ಒಬ್ಬ ಅಜ್ಜಿ ಹಕ್ಕಿ ನೋಡಲೆಂದು ತಂದ ದುರ್ಬೀನನ್ನು ಪೂರ್ಣಿಮಾಳ ಕೊರಳಿಗೇ ಹಾಕಿಬಿಟ್ಟರು. ಬೇಡ ಎನ್ನಲು ಹೊರಟವಳು ಅದರ ಪಟ್ಟಿ ಸರಿಮಾಡಿಕೊಂಡಳು.

ನಾಲ್ಕು ದಾಟಿದ ಮೇಲೆ ನೀಲಿ ಗೆರೆಯಾಗಿದ್ದ ದಂಡೆ ಗುಡ್ಡಗಳಾಗಿ ಬಿಡಿಸಿಕೊಂಡಿತು. ಅವಳು ದುರ್ಬೀನು ಎತ್ತಿದಳು. ದೇವಬಾಗದ ಗಾಳಿಮರಗಳ ಸಾಲು ಕಾಣಲಿಲ್ಲ, ಕಾಳಿ ನದಿಯ ಬಾಯಿ ಕಾಣಲಿಲ್ಲ. ಆದರೆ ನದಿಯ ಆಚೆ ಮಗ್ಗುಲಿನ ಸದಾಶಿವಗಡ, ಈಚೆಗೆ ಲೈಟ್‌ಹೌಸಿನ ನಡುಗಡ್ಡೆ, ಹಿಂದೆ ಒಂದರ ಹೆಗಲ ಮೇಲೊಂದು ಘಟ್ಟ. ಎಲ್ಲ ಇದ್ದಲ್ಲೇ ಇದ್ದವು. ಅಷ್ಟು ವರ್ಷ ಬದುಕಿದ ಊರು ಒಂದು ಅಂಗೈ ಅಗಲಕ್ಕೆ ಬಂದು ನಿಂತಿತ್ತು. ಇದನ್ನೇ ನೋಡಲು ಬಂದದ್ದು, ಇಷ್ಟೇ ಸಾಕು ಎಂದುಕೊಂಡಳು.

ಆದರೆ ಗುಡ್ಡ ಕಪ್ಪಗಿತ್ತು. ದಂಡೆಗೂ ಹಡಗಿಗೂ ನಡುವೆ ಎತ್ತರದಲ್ಲಿ ಒಂದೇ ಒಂದು ಮೋಡ ಬಂದು ನಿಂತು ಅದರ ನೆರಳು ಕಾರವಾರದ ಮೇಲೆ ಕಂಬಳಿಯಂತೆ ಬಿದ್ದಿತ್ತು. ಡೆಕ್ಕಿನ ಮೇಲೆ ಚುರುಗುಟ್ಟುವ ಬಿಸಿಲು, ಅಲ್ಲಿ ಮಾತ್ರ ನೆರಳು. ಬಿಸಿಲಿಲ್ಲದೆ ಕನ್ನಡಿ ಏನು ಮಾಡೀತು? ಐದು ನಿಮಿಷ ಕಾದರು, ಹತ್ತು ನಿಮಿಷ ಕಾದರು. ಮೋಡ ಕದಲಲಿಲ್ಲ, ಹಡಗು ಕಾಯಲಿಲ್ಲ. ರಾಮಾ ಫೋನು ಎತ್ತಿ ಎತ್ತಿ ನೋಡಿದ, ಒಂದು ಕಡ್ಡಿಯೂ ಸಿಗ್ನಲ್ ಇಲ್ಲ. ಜನ ಒಬ್ಬೊಬ್ಬರಾಗಿ, ಅವನ ಮುಖ ನೋಡದೆ, ಚಹಾ ಕೊಡುವ ಕಡೆಗೆ ಜಾರಿದರು. ಸದಾಶಿವಗಡ ಹಿಂದಕ್ಕೆ ಸರಿದು ನಡುಗಡ್ಡೆಯ ಮರೆಗೆ ಹೋಯಿತು.

ಪೂರ್ಣಿಮಾಗೆ ತನ್ನ ಮೇಲೆಯೇ ಆಶ್ಚರ್ಯವಾಯಿತು. ಬೇಡ ಬೇಡ ಎಂದವಳು ಅವಳೇ. ಈಗ ಅಳು ಬರುವಷ್ಟು ಬೇಜಾರು. ಒಂದೂವರೆ ತಾಸಿನಿಂದ ಗುಡ್ಡದ ಮೇಲೆ ಕಾದು ನಿಂತ ಮಕ್ಕಳು ಎಂದು ಅವಳಿಗೆ ಅನಿಸುತ್ತಿತ್ತು, ಆ ಮಕ್ಕಳಲ್ಲಿ ಕೆಲವರಿಗೆ ಐವತ್ತು ವರ್ಷವಾಗಿದ್ದರೂ.

ರಾಮಾ ಫೋನು ಜೇಬಿಗೆ ಹಾಕಿದ. ಆಮೇಲೆ ಅವಳಿಗಷ್ಟೇ ಕೇಳುವಷ್ಟು ಸಣ್ಣ ದನಿಯಲ್ಲಿ, "ನಾ ಊರ ತುಂಬ ಹೇಳ್ಬಾರದಿತ್ತೇನೋ" ಅಂದ. ಅವಳು ಅವನ ಕೈ ಹಿಡಿದುಕೊಂಡಳು. ಅವನು ಚಹಾ ತರುತ್ತೇನೆಂದು ಒಳಗೆ ಹೋದ.

ತೋಡೂರಿನ ಬದಿಯ ಗುಡ್ಡಗಳು ಹಾದುಹೋದವು. ಅವಳು ದುರ್ಬೀನು ಇಳಿಸದೆ ನಿಂತಿದ್ದಳು. ಐದೂವರೆಯ ಬಿಸಿಲು ಈಗ ಇಡೀ ದಂಡೆಯ ಮೇಲೆ ಹಳದಿಯಾಗಿ ಬಿದ್ದಿತ್ತು. ಅಂಕೋಲೆಯ ನೇರಕ್ಕೆ ಬಂದಿರಬೇಕು ಎಂದು ಅಂದಾಜು ಮಾಡುತ್ತಿರುವಾಗ ಒಂದು ಬೋಳು ಗುಡ್ಡದ ನೆತ್ತಿಯಲ್ಲಿ ಏನೋ ಮಿಣಕ್ಕೆಂದಿತು. ಯಾವುದೋ ಮನೆಯ ತಗಡಿರಬೇಕು. ಮತ್ತೆ ಮಿಣಕ್ಕೆಂದಿತು. ಪಕ್ಕದಲ್ಲಿ ಇನ್ನೊಂದು. ತಗಡು ಹಾಗೆ ಮಿಟುಕುವುದಿಲ್ಲ. ದುರ್ಬೀನು ಇಳಿಸಿ ಬರಿಗಣ್ಣಲ್ಲಿ ನೋಡಿದಳು, ಬರಿಗಣ್ಣಿಗೂ ಕಂಡಿತು. ಮೂರು, ಆರು, ಆಮೇಲೆ ಎಣಿಸಲಾಗದಷ್ಟು. ಹುರಿಯುವ ಬಾಣಲೆಯಲ್ಲಿ ಸಾಸಿವೆ ಸಿಡಿಯುವ ಹಾಗೆ ಗುಡ್ಡದ ನೆತ್ತಿ ಬೆಳಕಿನಲ್ಲಿ ಸಿಡಿಯುತ್ತಿತ್ತು.

ನಡತೆಯ ಪುಸ್ತಕದಂತೆ ಬದುಕಿದ ಪೂರ್ಣಿಮಾ ಟೀಚರು ಆಗ ಗಂಡನ ಹೆಸರು ಹಿಡಿದು ಕೂಗಿದಳು. ಆ ಕೂಗಿಗೆ ಚಹಾದ ಸಾಲಿನಲ್ಲಿದ್ದವರೆಲ್ಲ ಓಡಿ ಬಂದರು. ರಾಮಾ ಎರಡೂ ಕೈಯಲ್ಲಿ ಕಪ್ಪು ಹಿಡಿದುಕೊಂಡೇ ಬಂದ.

"ಪಳೆ ಗೋ," ಅಂದ ಅವನು, ನೋಡೆ ಎಂದು, ತೋರಿಸಿದವಳಿಗೇ ತೋರಿಸುತ್ತ. "ನಮ್ಮವರು. ಅಂಕೋಲೆಗೆ ಹೆಂಗೆ ಬಂದ್ರು ಇವರು?"

ಅದು ಯಾರಿಗೆ ಗೊತ್ತು? ನಾಗಪುರದ ಅಜ್ಜಿ ಚಪ್ಪಾಳೆ ಹೊಡೆಯುತ್ತಿದ್ದರು. ಯಾರೋ ಫೋನಿನಲ್ಲಿ ಚಿತ್ರ ತೆಗೆಯಲು ನೋಡಿ ಬರುವುದಿಲ್ಲವೆಂದು ಬಿಟ್ಟರು. ನಾವೂ ಉತ್ತರ ಕೊಡಬೇಕು, ಒಂದು ಕನ್ನಡಿ ಕೊಡಿ ಎಂದು ರಾಮಾ ಹಾರಾಡಿದ. ಸೂರ್ಯ ನಮ್ಮ ಬೆನ್ನಿಗಿದ್ದಾನೆ, ಇಲ್ಲಿಂದ ಬೆಳಕು ತಿರುಗಿಸುವುದು ಆಗದ ಮಾತು ಎಂದು ಪೂರ್ಣಿಮಾ ನಗುತ್ತಲೇ ಹೇಳಿದಳು, ಕಣ್ಣೊರೆಸಿಕೊಳ್ಳುತ್ತಲೇ ಹೇಳಿದಳು. ನೋಡುತ್ತ ನಿಂತಾಗ ಒಂದು ಸಂಗತಿ ಅವಳ ಗಮನಕ್ಕೆ ಬಂತು. ಉಳಿದವೆಲ್ಲ ಮಿಟುಕಿ ಆರಿ ಮತ್ತೆ ಮಿಟುಕುತ್ತಿದ್ದರೆ, ಬಲತುದಿಯಲ್ಲಿ ಒಂದು ಬೆಳಕು ಮಾತ್ರ ಅಲುಗದೆ ಉರಿಯುತ್ತಿತ್ತು. ಇಷ್ಟು ದೂರಕ್ಕೆ ಕೂದಲೆಳೆಯಷ್ಟು ಕೈ ನಡುಗಿದರೂ ಬೆಳಕು ತಪ್ಪಿಹೋಗುತ್ತದೆ. ಯಾರದಪ್ಪ ಈ ಕೈ? ತನ್ನ ವಿದ್ಯಾರ್ಥಿಗಳ ಪ್ರಯೋಗಾಲಯದ ಕೈಗಳನ್ನೆಲ್ಲ ನೆನೆದಳು. ಯಾರದೂ ಅಷ್ಟು ನೆಟ್ಟಗಿರಲಿಲ್ಲ.

ಅರ್ಧ ತಾಸು ಆ ಗುಡ್ಡ ಹೊಳೆಯಿತು. ಹಡಗು ಗಂಗಾವಳಿ ನದಿಯ ಮುಖ ದಾಟಿ ದೂರವಾದ ಮೇಲೂ ಕೊನೆಗೆ ಉಳಿದದ್ದು ಆ ಅಲುಗದ ಬೆಳಕೇ.

ಕೊಚ್ಚಿಯಲ್ಲಿ ಸಿಗ್ನಲ್ ಸಿಕ್ಕ ಕೂಡಲೇ ರೂಪಾಲಿಯ ಫೋನು ಬಂತು. ಹಡಗು ಬಿಳಿ ಚುಕ್ಕಿಯಾಗಿ ದಾಟಿಹೋಗುವುದನ್ನು ನೋಡುತ್ತ ಎಲ್ಲ ಮೋಡದ ನೆರಳಲ್ಲಿ ಸಪ್ಪೆ ಮುಖ ಮಾಡಿ ಕೂತಿದ್ದರಂತೆ. ಹಡಗು ಹೋಗುವುದು ಅಂಕೋಲೆಯ ಕಡೆಗೇ ಅಲ್ಲವೇ ಎಂದಳಂತೆ ರೂಪಾಲಿ. ಅವರಲ್ಲೊಬ್ಬನಾದ ನಿತಿನನ ಟೆಂಪೋ ಗುಡ್ಡದ ಬುಡದಲ್ಲಿತ್ತು. ಕನ್ನಡಿಗಳನ್ನು ಗೋಣಿಯಲ್ಲಿ ಸುತ್ತಿ, ಹತ್ತಿದಷ್ಟು ಜನ ಟೆಂಪೋ ಹತ್ತಿ, ಉಳಿದವರು ಬೈಕಿನಲ್ಲಿ ಹೊರಟರು. ನಡುವಿನ ಗುಡ್ಡಗಳೆಲ್ಲ ನೌಕಾನೆಲೆಯ ಬೇಲಿಯೊಳಗೆ, ಅಲ್ಲಿ ಹತ್ತುವ ಹಾಗಿಲ್ಲ. ಹೆದ್ದಾರಿಯ ಪ್ರತಿ ತಿರುವಿನಲ್ಲಿ ಕಡಲು ಕಂಡಾಗೆಲ್ಲ ಹಡಗು ಮುಂದೋ ನಾವು ಮುಂದೋ ಎಂದು ಹಣಕಿ ನೋಡುತ್ತ ಹೋದರಂತೆ. ಎರಡು ಕನ್ನಡಿ ಒಡೆದವು, ಸಂಕೇತನ ಚಪ್ಪಲಿ ಹರಿಯಿತು, ಅವನು ಬರಿಗಾಲಲ್ಲೇ ಗುಡ್ಡ ಹತ್ತಿದ.

"ಒಂದು ಕನ್ನಡಿ ಅಲುಗದೇ ಇತ್ತಲ್ಲ, ಬಲಗಡೆ, ಅದು ಯಾರದು?" ಎಂದು ಪೂರ್ಣಿಮಾ ಕೇಳಿದಳು.

ಅತ್ತಲಿಂದ ರೂಪಾಲಿ ನಕ್ಕಳು. "ಅದು ನಮ್ಮವರಲ್ಲ ಅಕ್ಕೋರೇ. ಗುಡ್ಡದ ಮೇಲೆ ಹುಲ್ಲು ಕೊಯ್ತಿದ್ದ ಕಾಮಿ ಅಂತ ಒಬ್ಬಳು. ಇವರೆಲ್ಲ ಎಂತ ಮಾಡ್ತಾರೆ ಅಂತ ನೋಡಿ, ತನಗೂ ಒಂದು ಕೊಡಿ ಅಂದ್ಲು."

ಊರಿಗೆ ಮರಳಿದ ನಾಲ್ಕನೆಯ ದಿನ ಪೂರ್ಣಿಮಾ ಗಂಡನನ್ನು ಕರೆದುಕೊಂಡು ಅಂಕೋಲೆಯ ಬಸ್ಸು ಹತ್ತಿದಳು. ಕಾಮಿಯ ಮನೆ ಗುಡ್ಡದ ಇಳಿಜಾರಿನಲ್ಲೇ ಇತ್ತು. ಎಪ್ಪತ್ತರ ಸುಮಾರಿನ, ಕೊರಳ ತುಂಬ ಕರಿಮಣಿ ಹಾಕಿದ ಮುದುಕಿ. ಅಂಗಳದಲ್ಲಿ ಹರಿವೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು. ಹಡಗಿನ ಅಕ್ಕೋರು ಇವರೇ ಎಂದು ತಿಳಿದದ್ದೇ ಚಾಪೆ ಹಾಸಿದಳು. ಅಷ್ಟು ಹೊತ್ತು ಕೈ ಅಲುಗದಂತೆ ಹೇಗೆ ಹಿಡಿದೆ ಎಂದು ಪೂರ್ಣಿಮಾ ವಿಚಾರಿಸಿದಳು. ಅದರಲ್ಲೇನಿದೆ, ಮೊಣಕಾಲ ಮೇಲೆ ಕಲ್ಲಿಟ್ಟು ಕಲ್ಲಿಗೆ ಕನ್ನಡಿ ಆನಿಸಿದೆ, ನಿಮ್ಮ ಮಕ್ಕಳು ನಿಂತು ಕುಣಿಯುತ್ತಿದ್ದರು ಎಂದಳು ಕಾಮಿ. ಪೂರ್ಣಿಮಾ ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಇಷ್ಟು ವರ್ಷ ಪಾಠ ಮಾಡಿದವಳಿಗೆ ಹೊಳೆಯದ ಉಪಾಯ.

ಆಮೇಲೆ ಕಾಮಿಯ ಸರದಿ. ಹಡಗಿನ ಒಳಗೆ ಹೇಗಿದೆ, ಅಡುಗೆ ಎಲ್ಲಿ ಮಾಡುತ್ತಾರೆ, ಬಟ್ಟೆ ಎಲ್ಲಿ ಒಣಹಾಕುತ್ತಾರೆ, ಎಲ್ಲ ಬೇಕು ಅವಳಿಗೆ. ರಾಮಾ ಕೈ ತಿರುಗಿಸಿ ತಿರುಗಿಸಿ ವರ್ಣಿಸಿದ. ಅವನ ದನಿಗೆ ಕೊಟ್ಟಿಗೆಯ ಕರು ಬೆದರಿ ಎದ್ದು ನಿಂತಿತು. ಕಾಮಿ ಎಲ್ಲ ಕೇಳಿ ಮುಗಿಸಿ ಪೂರ್ಣಿಮಾಳ ಕಡೆ ತಿರುಗಿದಳು.

"ಅಲ್ಲಿಂದ ನಮ್ಮ ಊರು ಹೆಂಗೆ ಕಾಣ್ತದೆ? ಅದ ಹೇಳಿ."

ಪೂರ್ಣಿಮಾ ಚಾಪೆಯ ಮೇಲೆ ಸರಿದು ಕೂತಳು. ಅಂಗಳದ ಮಣ್ಣಿನಲ್ಲಿ ಬೆರಳಿನಿಂದ ಮೊದಲು ಕಡಲಿನ ಗೆರೆ ಎಳೆದಳು, ಮೇಲೆ ಘಟ್ಟದ ಸಾಲು, ನಡುವೆ ಈ ಗುಡ್ಡ. ಕಾಮಿ ಸೊಪ್ಪಿನ ಕಟ್ಟು ಬದಿಗಿಟ್ಟು ಬಗ್ಗಿ ನೋಡತೊಡಗಿದಳು.