ಫ್ರೀಜರಿನ ಬಿಳಿ ಪದರ

ಬಿಸಿನೀರು ತಣ್ಣೀರಿಗಿಂತ ಮೊದಲು ಗಟ್ಟಿಯಾಗುತ್ತದೆ ಎಂದು ಕಂಡುಹಿಡಿದವಳು ನಾನು, ಪ್ರಫುಲ್ಲಾ. ಡೊಂಬಿವಲಿಯ ನಮ್ಮ ಅಡುಗೆಮನೆಯ ಹಳೇ ಫ್ರಿಜ್ಜಿನಲ್ಲಿ. ಲೋಕದಲ್ಲಿ ಯಾರಾದರೂ ಮೊದಲೇ ಕಂಡಿರಬಹುದು, ನಮ್ಮ ಮನೆಯಲ್ಲಂತೂ ನಾನೇ. ಹೇಳಿದ್ದಕ್ಕೆ ಗಂಡ ಯಶ್ವಂತ್ ನಕ್ಕರು. "ಏಳನೇ ಕ್ಲಾಸು ಓದಿದವಳಿಗೆ ಎಂತ ಗೊತ್ತುಂಟು ಮಾರಾಯ್ತಿ?" ಮದುವೆಯಾದಂದಿನಿಂದ ಕೇಳಿದ ಮಾತೇ ಅದು. ಮಾಜಿವಾಡಾದ ಹೋಟೆಲಿನಲ್ಲಿ ಮ್ಯಾನೇಜರ್ ಆದ ಮೇಲೆ ಅವರನ್ನು ಹಿಡಿಯುವವರಿಲ್ಲ.

ಮಗಳು ತನ್ವಿ ಮಾತ್ರ ಎರಡು ಸ್ಟೀಲ್ ಬಟ್ಟಲು ಇಟ್ಟು ನೋಡಿದಳು. ಬಿಸಿಯದ್ದೇ ಗೆದ್ದಿತು. ಶಾಲೆಯ ಸೈನ್ಸ್ ಪ್ರಾಜೆಕ್ಟಿಗೆ ಅದನ್ನೇ ಬರೆದಳು. ಫ್ರಿಜ್ಜನ್ನು ಶಾಲೆಗೆ ಹೊತ್ತುಕೊಂಡು ಹೋಗಲಾಗುತ್ತದೆಯೇ? ಟೀಚರ್ ಭಾನುವಾರ ಮನೆಗೇ ಬರುತ್ತೇನೆಂದರು. ಕಣ್ಣಾರೆ ಕಂಡರೆ ಠಾಣೆ ಜಿಲ್ಲೆಯ ಸೈನ್ಸ್ ಪ್ರದರ್ಶನಕ್ಕೆ ಕಳಿಸುವುದಂತೆ. ತನ್ವಿಗೆ ಎರಡು ವಾರ ಅದೇ ಜಪ.

ಶನಿವಾರ ಅವಳ ಫೈಲು ಬಿಡಿಸಿದೆ. ಮೊದಲ ಪುಟದಲ್ಲೇ 'ಮಾರ್ಗದರ್ಶನ: ಶ್ರೀ ಯಶ್ವಂತ್' ಎಂದಿತ್ತು. ನನ್ನ ಹೆಸರು ಎಲ್ಲಿಯೂ ಇಲ್ಲ.

"ಪಪ್ಪಾನೇ ಬೋಲಾ. ಅಚ್ಛಾ ದಿಖ್ತಾ ಹೈ," ಎಂದಳು ತಲೆ ಎತ್ತದೆ. ಪಪ್ಪ ಹೇಳಿದ್ದಂತೆ, ಹಾಗೆ ಬರೆದರೆ ಚೆಂದ ಕಾಣುತ್ತದಂತೆ. ನನ್ನ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಆ ಸಂಜೆ ಯಶ್ವಂತ್ ಫ್ರೀಜರಿನ ಬಾಗಿಲು ತೆರೆದರು. ಒಳಗೆ ಬೆರಳು ದಪ್ಪ ಬಿಳಿ ಐಸು ಕಟ್ಟಿತ್ತು. "ಟೀಚರ್ ಬರುವಾಗ ಎಂತ ಗಲೀಜು ಇದು," ಎಂದು ಎಲ್ಲ ಕರಗಿಸಿ ಒರೆಸಿದರು.

ಗುಟ್ಟೇ ಆ ಐಸು, ನನಗೆ ಗೊತ್ತಿತ್ತು. ಬಿಸಿ ಬಟ್ಟಲು ಅದನ್ನು ಕರಗಿಸಿಕೊಂಡು ಕೆಳಗಿನ ತಗಡಿಗೇ ಅಂಟಿ ಕೂರುತ್ತದೆ, ತಗಡಿನ ಚಳಿ ನೇರ ಒಳಗೆ ಇಳಿಯುತ್ತದೆ. ತಣ್ಣೀರಿನದ್ದು ಐಸಿನ ಹಾಸಿಗೆಯ ಮೇಲೆಯೇ ಕೂತಿರುತ್ತದೆ, ಅದಕ್ಕೆ ತಡ. ಹಾಸಿಗೆ ತೆಗೆದರೆ ಬಿಸಿನೀರು ಸೋಲುತ್ತದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಒಲೆಯ ಕಡೆ ತಿರುಗಿ ನೀರುದೋಸೆ ಹುಯ್ದೆ.

ಭಾನುವಾರ ತಣ್ಣೀರು ಮೊದಲು ಗಟ್ಟಿಯಾಯಿತು. ಬಿಸಿಯ ಬಟ್ಟಲಲ್ಲಿ ನೀರು ಇನ್ನೂ ತುಳುಕುತ್ತಿತ್ತು. ಟೀಚರ್ ಚಹಾ ಮುಗಿಸಿ, ಮುಂದಿನ ವರ್ಷ ನೋಡೋಣ ಎಂದು ಮರಾಠಿಯಲ್ಲಿ ಹೇಳಿ ಚಪ್ಪಲಿ ಮೆಟ್ಟಿದರು.

"ನಿನ್ನ ಮಾತು ಕಟ್ಟಿಕೊಂಡು ಮರ್ಯಾದೆ ಹೋಯ್ತು," ಎಂದರು ಯಶ್ವಂತ್. ಸೋತ ಮೇಲೆ ಪ್ರಯೋಗ ನನ್ನದಾಯಿತು.

ತನ್ವಿ ಫ್ರೀಜರಿನ ಹೊಳೆಯುವ ತಗಡನ್ನು ಬಹಳ ಹೊತ್ತು ಮುಟ್ಟಿ ನೋಡಿದಳು. ಹುಡುಗಿ ದಡ್ಡಿಯಲ್ಲ. ಯಾವಾಗಲೂ ಹಿಂದಿಯಲ್ಲೇ ಉತ್ತರಿಸುವವಳು, ಅತ್ತು ಕೆಂಪಾದ ಕಣ್ಣಲ್ಲಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು:

"ಮಮ್ಮಿ, ನಿಂಗೆ ಗೊತ್ತಿತ್ತಾ?"

"ಏಳನೇ ಕ್ಲಾಸು ಓದಿದವಳಿಗೆ ಎಂತ ಗೊತ್ತುಂಟು," ಎಂದೆ.

ಆಮೇಲೆ ಅವಳು ನನ್ನನ್ನು ಏನೂ ಕೇಳಿಲ್ಲ.