ಮದಾರ್ ಸಾಬರಿಗೆ ನಿಲ್ಲದ ನಗಾರಿ

ಹಲಸಿನಗದ್ದೆಯ ವೀರಭದ್ರನ ಗುಡಿಗೆ ಕರೆಂಟಿನ ನಗಾರಿ ಬಂದದ್ದು ದೊಡ್ಡ ಎಲೆಕ್ಷನ್ನಿನ ಹಿಂದಿನ ದೀಪಾವಳಿಗೆ. ಬಣಕಲ್ ಕಡೆಯಿಂದ ಜೀಪಿನಲ್ಲಿ ತಂದರು. ಮುಂದೆ ಎರಡು ಬಾವುಟ, ಹಿಂದೆ ಗೋಣಿತಾಟಿನಲ್ಲಿ ಸುತ್ತಿದ ಯಂತ್ರ, ನಡುವೆ ಜಿಲ್ಲೆಯ ಒಬ್ಬ ಮುಖಂಡರು. ಬಿಚ್ಚಿದರೆ ಒಂದು ಕಬ್ಬಿಣದ ಚೌಕಟ್ಟು. ಅದರಲ್ಲಿ ಎರಡು ನಗಾರಿ, ಒಂದು ಗಂಟೆ, ಒಂದು ಜಾಗಟೆ, ಎಲ್ಲಕ್ಕೂ ಸೇರಿ ಒಂದು ಮೋಟಾರು. ಪಕ್ಕದ ತಗಡಿನ ಪೆಟ್ಟಿಗೆಯ ತುಂಬ ಕೆಂಪು, ಹಸಿರು, ಹಳದಿ ಗುಂಡಿಗಳು. ಕೊಟ್ಟವರ ಹೆಸರನ್ನು ಚೌಕಟ್ಟಿನ ಉದ್ದಕ್ಕೂ ಬರೆಸಿದ್ದರು. ದೇವರ ಹೆಸರು ಅದರ ಕೆಳಗೆ, ಉಳಿದ ಜಾಗದಲ್ಲಿ.

ಅಲ್ಲಿಯ ತನಕ ಆ ಗುಡಿಯ ನಗಾರಿ ಬಾರಿಸುತ್ತಿದ್ದವರು ಮದಾರ್ ಸಾಬರು. ಅವರ ಅಪ್ಪ, ಅಜ್ಜ ಮಾಡಿದ್ದೂ ಅದೇ ಕೆಲಸ. ಯಾಕೆ, ಎಂದಿನಿಂದ ಅಂತ ಯಾರೂ ಕೇಳಿರಲಿಲ್ಲ. ಹಳ್ಳ ಈ ಕಡೆಗೇ ಯಾಕೆ ಹರಿಯುತ್ತದೆ ಅಂತ ಕೇಳುವವರುಂಟೆ? ಸಂಜೆ ಅವರ ಕೋಲು ಚರ್ಮದ ಮೇಲೆ ಬಿದ್ದ ಮೇಲೇ ಅರ್ಚಕ ಗುರುವಯ್ಯ ಆರತಿ ಎತ್ತುತ್ತಿದ್ದದ್ದು. ಅದಕ್ಕೆ ಸೋಮವಾರ ಒಂದು ಹೋಳು ಕಾಯಿ, ಕೊಯ್ಲಿಗೆ ಒಂದಿಷ್ಟು ಭತ್ತ. ಊರಲ್ಲಿ ಸಾವಾದರೆ, ಅದು ಯಾವ ಮನೆಯದೇ ಇರಲಿ, ಹೆಣ ಹಳ್ಳ ದಾಟುವ ತನಕ ನಗಾರಿ ಸದ್ದು ಮಾಡುವಂತಿಲ್ಲ. ಸರೋಜಮ್ಮನ ಅತ್ತೆ ತೀರಿಕೊಂಡ ದಿನ ಸಾಬರು ನಗಾರಿಯ ಪಕ್ಕದಲ್ಲಿ ಮಂಡಿಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕುಳಿತೇ ಇದ್ದರು. ಆ ಸುಮ್ಮನಿರುವಿಕೆ ಸರೋಜಮ್ಮನಿಗೆ ಎಷ್ಟು ದೊಡ್ಡ ಸಮಾಧಾನ ಕೊಟ್ಟಿತ್ತೆಂದು ಅವಳು ಯಾರಿಗೂ ಹೇಳಿದವಳಲ್ಲ.

ಅವಳ ಗಂಡ ಸೋಮಶೇಖರಪ್ಪ ಗುಡಿಯ ಕಮಿಟಿಗೆ ಅಧ್ಯಕ್ಷರು. ಯಂತ್ರ ಇಳಿಸಿದ ದಿನ ಎಲ್ಲರ ಮುಂದೆ ಅವರೇ ಹೇಳಿದ್ದು: "ಸಾಬ್ರೇ, ನಿಮಗೂ ವಯಸ್ಸಾಯ್ತು. ಇನ್ನು ಆರಾಮಾಗಿರಿ."

"ಹೂಂ, ಸೋಮಣ್ಣೋರೇ. ಭುಜನೂ ಎತ್ತಕ್ಕೆ ಆಗ್ತಿರಲಿಲ್ಲ ಬಿಡಿ," ಅಂದರು ಸಾಬರು. ಇಬ್ಬರ ವಯಸ್ಸೂ ಒಂದೇ. ಹುಡುಗರಾಗಿದ್ದಾಗ ಒಂದೇ ಹಳ್ಳದ ಗುಂಡಿಯಲ್ಲಿ ಈಜಿದವರು.

ಮನೆಗೆ ಬಂದ ಮೇಲೆ ಸರೋಜಮ್ಮ ಕೇಳಿದಳು: "ಭುಜ ನೋಯುತ್ತೆ ಅಂತ ಅವ್ರು ಇವತ್ತಿಗೆ ಮುಂಚೆ ಹೇಳಿದ್ರಾ?"

"ನಿಂಗೆ ಗೊತ್ತಾಗಲ್ಲ ಸರೋಜ. ಗುಡಿ ಒಳಗೆ ಅವ್ರ್ಯಾಕೆ ಅಂತ ಕೇಳೋರು ಹುಟ್ಕೊಂಡಿದಾರೆ ಈಗ. ಬಾಯಿಬಿಟ್ಟು ಬೇಡ ಅನ್ನೋದಕ್ಕಿಂತ ಮೆಷಿನ್ ಬಂದದ್ದು ಚೆನ್ನಾಗಾಯ್ತು. ಯಾರ ಮನಸ್ಸಿಗೂ ನೋವಾಗ್ಲಿಲ್ಲ."

ಯಾರ ಮನಸ್ಸಿಗೂ!

ಆ ಮಾತು ಸರೋಜಮ್ಮನ ತಲೆಯಿಂದ ಹೋಗಲಿಲ್ಲ. ಅವಳ ಮನೆಯ ಟಿ.ವಿ.ಯ ರಿಮೋಟಿನಲ್ಲಿ ಲೆಕ್ಕವಿಲ್ಲದಷ್ಟು ಗುಂಡಿ. ಅವಳು ಬಲ್ಲದ್ದು ಹಾಕುವುದು, ಆರಿಸುವುದು. ತಪ್ಪಿ ಇನ್ನೊಂದನ್ನು ಒತ್ತಿದರೆ ಪರದೆಯ ತುಂಬ ಇಂಗ್ಲಿಷು ಬಂದು ನಿಲ್ಲುತ್ತಿತ್ತು, ಕೇಬಲ್ಲಿನವನು ಬರುವ ತನಕ ಅದನ್ನೇ ನೋಡಬೇಕು. ಇಷ್ಟೆಲ್ಲ ಯಾರಿಗೆ ಬೇಕಿತ್ತು ಅನ್ನಿಸುತ್ತಿತ್ತು. ದೇವರ ವಿಷಯವೂ ಈಗ ಹಾಗೇ ಆಗಿದೆಯಲ್ಲ. ಮೊದಲು ಬಾಗಿಲಿಗೆ ಬಂದು ಕೈಮುಗಿದರೆ ಮುಗಿಯಿತು. ಈಗ ಜೀಪಿಗೆ ಕಟ್ಟಿದ ಬಾವುಟದಲ್ಲಿ ದೇವರು, ಭಾಷಣದಲ್ಲಿ ದೇವರು, ಓಟಿನ ಚೀಟಿ ಹಂಚುವವನ ಹೆಗಲ ಶಾಲಿನಲ್ಲಿ ದೇವರು. ಯಾವುದನ್ನು ಒತ್ತಿದರೆ ಏನು ಹೊತ್ತಿಕೊಳ್ಳುತ್ತದೋ ಯಾರಿಗೆ ಗೊತ್ತು?

ಯಂತ್ರವೂ ಊರಿಗೆ ಸುಲಭಕ್ಕೆ ಬಗ್ಗಲಿಲ್ಲ. ಒಂದು ಮಧ್ಯಾಹ್ನ ಕಮಿಟಿಯ ಸಭೆ ನಡೆಯುವಾಗ ತಾನಾಗಿ ಹೊಡೆದುಕೊಳ್ಳಲು ಶುರುಮಾಡಿತು. ಅಷ್ಟೂ ಜನ ದಡಬಡನೆ ಎದ್ದು, ಮುಚ್ಚಿದ ಗರ್ಭಗುಡಿಯ ಬಾಗಿಲಿಗೆ ಕೈಮುಗಿದುಕೊಂಡು ನಿಂತರು. ಕೂರಬಹುದೋ ಬಾರದೋ ತಿಳಿಯದೆ ಅದು ಮುಗಿಯುವ ತನಕ ನಿಂತೇ ಇದ್ದರಂತೆ. ಕೊನೆಗೆ ಸೋಮಶೇಖರಪ್ಪನವರ ತಮ್ಮನ ಮಗ ಕಲ್ಲೇಶ, ಮುಖಂಡರ ಹಿಂದೆ ಓಡಾಡುತ್ತಿದ್ದವನು, ಮೂಡಿಗೆರೆಯಿಂದ ಮೆಕ್ಯಾನಿಕ್ಕನನ್ನು ಕರೆತಂದು ಸಂಜೆಯ ಪೂಜೆಯ ಹೊತ್ತಿಗೆ ಸರಿಯಾಗಿ ಟೈಮು ಕಟ್ಟಿಸಿದ. ಆಮೇಲೆ ಅದನ್ನು ಯಾರೂ ಮುಟ್ಟಲಿಲ್ಲ.

ಸರೋಜಮ್ಮ ಮಾತ್ರ ಸೋಮವಾರದ ಕಾಯಿಹೋಳನ್ನು ಸಾಬರ ಮನೆಗೆ ತಾನೇ ಮುಟ್ಟಿಸುತ್ತಿದ್ದಳು. ಒಂದು ಸೋಮವಾರ ಅವರು ಅದನ್ನು ತೆಗೆದುಕೊಳ್ಳಲಿಲ್ಲ.

"ಬೇಡಮ್ಮ. ಬಾರಿಸಿ ತಗೊಂಡ್ರೆ ಅದು ನಮ್ಮದು. ಸುಮ್ನೆ ತಗೊಂಡ್ರೆ ಬೇರೆ ಆಗುತ್ತೆ."

"ಬೇರೆ ಏನಾಗುತ್ತೆ ಸಾಬ್ರೇ? ಕಾಯಿ ಕಾಯೇ."

ಅವರು ನಕ್ಕರು. "ಆ ಮೆಷಿನ್ನಿಗೆ ಕೊಡಿ. ಪಾಪ, ರಜಾನೇ ಇಲ್ಲ ಅದಕ್ಕೆ."

ಹೂಮಳೆ ಬಿದ್ದು ಕಾಫಿ ತೋಟಗಳು ಬೆಳ್ಳಗಾಗಿದ್ದ ಏಪ್ರಿಲಿನಲ್ಲಿ, ಓಟಿಗೆ ಇನ್ನೇನು ಕೆಲವೇ ದಿನ ಇರುವಾಗ, ಮದಾರ್ ಸಾಬರು ಬೆಳಗಿನ ಚಹಾ ಕುಡಿದು ಗೋಡೆಗೊರಗಿದವರು ಮತ್ತೆ ಏಳಲಿಲ್ಲ. ಸರೋಜಮ್ಮ ಹೋದಾಗ ಅವರ ಹೆಂಡತಿ ಬಾಗಿಲ ಬಳಿಯೇ ಕುಳಿತಿದ್ದರು.

"ಮಗ ಲಾರಿ ತಗೊಂಡು ಮಂಗಳೂರಿಗೆ ಹೋಗಿದಾನಮ್ಮ. ಚಾರ್ಮಾಡಿ ಹತ್ತಿ ಬರೋ ಹೊತ್ತಿಗೆ ಸಂಜೆ ಆಗುತ್ತೆ. ಆಮೇಲೇ ಎತ್ತೋದು." ಸರೋಜಮ್ಮನ ಸೆರಗು ಹಿಡಿದುಕೊಂಡರು. "ಒಂದ್ ಮಾತು ಕೇಳ್ಲಾ? ಇವತ್ತೊಂದಿನ ಗುಡೀದು ನಿಲ್ಸೋಕೆ ಹೇಳ್ತೀರಾ? ಅವ್ರು ಎಲ್ಲಾರಿಗೂ ನಿಲ್ಸಿದ್ರು."

"ನಿಲ್ಸ್ತೀನಿ," ಅಂದಳು ಸರೋಜಮ್ಮ. ಹೇಳ್ತೀನಿ ಅನ್ನಲಿಲ್ಲ.

ಸೋಮಶೇಖರಪ್ಪ ಜಗುಲಿಯಲ್ಲಿ ಎಲೆಕ್ಷನ್ನಿನವರ ಜೊತೆ ಕೂತಿದ್ದರು. ಅವಳು ಒಳಗೆ ಕರೆದು ಹೇಳಿದಳು.

"ಅದು ಆಟೋಮ್ಯಾಟಿಕ್ ಕಣೇ," ಅಂದರು ಅವರು. "ಹೆಂಗೆ ನಿಲ್ಸೋದು ಅಂತ ಯಾರಿಗೆ ಗೊತ್ತು? ಮುಟ್ಟಿ ಕೆಟ್ಟೋದ್ರೆ ರಿಪೇರಿಗೆ ಎಲ್ಲಿಗ್ ಹೋಗೋದು ಮಾರಾಯ್ತಿ?"

"ಕಲ್ಲೇಶನ್ನ ಕೇಳಿ."

"ಅವ್ನು ಕೊಟ್ಟಿಗೆಹಾರದ ಮೀಟಿಂಗಿಗೆ ಹೋದ," ಎಂದು ಹೊರಗೆ ನಡೆದರು.

ಸಂಜೆ ಅವಳೇ ಗುಡಿಗೆ ಹೋದಳು. ಗುರುವಯ್ಯ ಗರ್ಭಗುಡಿಯ ಬೀಗ ತೆಗೆಯದೆ ಮೆಟ್ಟಿಲ ಮೇಲೆ ಕೂತಿದ್ದರು. "ನನ್ನ ಕೈಲಾಗೋದು ನಾನು ಮಾಡಿದೀನಿ ತಾಯಿ," ಅಂದರು, "ಬಾಗಿಲು ಹಾಕ್ಕೊಂಡಿದೀನಿ. ಅದು ಮಾತ್ರ ನನ್ನ ಮಾತು ಕೇಳಲ್ಲ."

ಪೆಟ್ಟಿಗೆಯ ಮುಂದೆ ನಿಂತು ಸರೋಜಮ್ಮ ಗುಂಡಿಗಳನ್ನು ಒಂದೊಂದಾಗಿ ಒತ್ತಿದಳು. ಒಂದು ದೀಪ ಹೊತ್ತಿತು, ಇನ್ನೊಂದು ಆರಿತು, ಒಂದು ಮಿಣುಕತೊಡಗಿತು. ಅಷ್ಟರಲ್ಲಿ ಮೋಟಾರು ಗೊರಗುಟ್ಟಿ ಗಂಟೆ, ಜಾಗಟೆ, ನಗಾರಿ ಎಲ್ಲ ಒಟ್ಟಿಗೆ ಎದ್ದವು. ಕೆಳಗಿನ ರಸ್ತೆಯ ತಿರುವಿನಲ್ಲಿ ಸಾಬರ ಹೆಣವಿದ್ದ, ಹಸಿರು ಬಟ್ಟೆ ಹೊದಿಸಿದ ಸಂದೂಕ ಕಾಣಿಸಿತು.

"ಶಾಕ್ ಹೊಡೆದೀತು, ಬೇಡಮ್ಮ!" ಎಂದು ಗುರುವಯ್ಯ ಕೂಗುವಷ್ಟರಲ್ಲಿ ಅವಳು ಗೋಡೆಯ ಫ್ಯೂಸನ್ನು ಕಿತ್ತಿದ್ದಳು. ಗುಡಿಯ ಬಲ್ಬುಗಳು ಆರಿದವು. ನಗಾರಿಯೂ ನಿಂತಿತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಕೆಳಗೆ ಹೆಗಲು ಕೊಟ್ಟವರ ಕಲಮಾದ ದನಿ ಕೇಳಿಸಿತು. ಆಮೇಲೆ ಪೆಟ್ಟಿಗೆಯೊಳಗೆ ಏನೋ ಕಟಕ್ಕೆಂದಿತು. ಯಂತ್ರ ಮತ್ತೆ ಹೊಡೆಯತೊಡಗಿತು. ಮಳೆಗಾಲದಲ್ಲಿ ಕರೆಂಟು ಹೋದರೂ ದೇವರ ಸೇವೆ ನಿಲ್ಲಬಾರದೆಂದು ಒಳಗೊಂದು ಬ್ಯಾಟರಿ ಇಟ್ಟುಕೊಟ್ಟಿದ್ದರು.

ಸರೋಜಮ್ಮನಿಗೆ ಇನ್ನೇನೂ ತೋಚಲಿಲ್ಲ. ಕಬ್ಬಿಣದ ಕೋಲಿಗೂ ಚರ್ಮಕ್ಕೂ ನಡುವೆ ಬಲಗೈ ಚಾಚಿ ಹಿಡಿದಳು. ಕೋಲು ಬೆರಳುಗಳ ಮೇಲೆ ಬಿತ್ತು, ಎದ್ದಿತು, ಬಿತ್ತು. ಗುರುವಯ್ಯ "ಅಯ್ಯೋ ಶಿವನೇ" ಎನ್ನುತ್ತ ಅವಳ ರಟ್ಟೆ ಹಿಡಿದು ಎಳೆದರೂ ಕೈ ತೆಗೆಯಲಿಲ್ಲ. ಒಂದು ನಗಾರಿಯ ಸದ್ದು ಸತ್ತು ಬರೀ ದಪ್ ದಪ್ ಆಯಿತು. ಇನ್ನೊಂದು ಬಾರಿಸುತ್ತಲೇ ಇತ್ತು. ಅದಕ್ಕೆ ಅವಳ ಕೈ ಎಟುಕುತ್ತಿರಲಿಲ್ಲ. ಸಂದೂಕಕ್ಕೆ ಹೆಗಲು ಕೊಟ್ಟಿದ್ದ ಸಾಬರ ಮಗ ಒಮ್ಮೆ ಗುಡಿಯತ್ತ ಕತ್ತೆತ್ತಿ ನೋಡಿದ. ಅಷ್ಟು ದೂರದಿಂದ ಅವನಿಗೆ ಇವಳು ಕಂಡಳೋ ಇಲ್ಲವೋ. ಅವರೆಲ್ಲ ಆ ಸದ್ದಿನ ಕೆಳಗೇ ನಡೆದು ಹಳ್ಳ ದಾಟಿದರು.

ಮನೆಯಲ್ಲಿ ಸೋಮಶೇಖರಪ್ಪ ಅವಳ ಕೈ ನೋಡಿ ದಂಗಾದರು. ಬೆರಳುಗಳು ಊದಿ ನೀಲಿಗಟ್ಟಿದ್ದವು. ಏನೂ ಕೇಳದೆ, ಎಂದೂ ಅಡುಗೆಮನೆಗೆ ಕಾಲಿಡದ ಮನುಷ್ಯ ಅರಿಶಿನ ಹುಡುಕಿ ತಂದು ಎಣ್ಣೆಯಲ್ಲಿ ಕಲಸಿದರು. ಎದುರು ಕೂತು ಒಂದೊಂದೇ ಬೆರಳಿಗೆ ಹಚ್ಚತೊಡಗಿದರು.

"ಕಲ್ಲೇಶನ್ನ ಬಯ್ಕೊಂಡಿದ್ದೆ," ಅಂದಳು ಸರೋಜಮ್ಮ. "ಅವ್ನು ಇದ್ದಿದ್ರೂ ನಿಲ್ಸ್ತಿರಲಿಲ್ಲ ಅಂತ."

ಅವರ ಕೈ ತಡೆಯಿತು. ತಲೆಯೆತ್ತದೆ ಹೇಳಿದರು:

"ಬೆಳಿಗ್ಗೆನೇ ಬಂದು ಕೇಳ್ದ ಅವ್ನು. ದೊಡ್ಡಪ್ಪ, ಸಾಬ್ರು ಹೋದ್ರಂತೆ, ಆಫ್ ಮಾಡಿ ಹೋಗ್ಲಾ ಅಂತ. ನಾನೇ ಬೇಡ ಅಂದೆ."

"ನೀವಾ?"

"ಓಟು ಹತ್ರ ಬಂತಲ್ಲ. ಅವ್ರಿಗೋಸ್ಕರ ಗುಡಿ ನಗಾರಿ ನಿಲ್ಸಿದ್ರು ಅಂತ ನಾಳೆ ಯಾರಾದ್ರೂ... ಹುಡ್ಗ ಮತ್ತೆ ಮತ್ತೆ ಕೇಳ್ದ ಸರೋಜ. ಕೆಂಪು ಗುಂಡಿ ಒತ್ತಿ ಹಿಡ್ಕೊಂಡ್ರೆ ಸಾಕು ಅಂದ."

ಅವರ ಕಣ್ಣಿನಿಂದ ನೀರು ಬಿತ್ತು. ಮೂಗು ಒರೆಸಿಕೊಂಡದ್ದಕ್ಕೆ ಮುಖಕ್ಕೆಲ್ಲ ಅರಿಶಿನವಾಯಿತು. "ಸಾಬ್ರೂ ನಾನೂ ಹಳ್ಳದ ಗುಂಡೀಲಿ ಈಜ್ತಿದ್ವಿ," ಅಂದರು, ಅವಳಿಗೆ ತಿಳಿಯದ್ದೇನೋ ಎಂಬಂತೆ.

ಸರೋಜಮ್ಮ ಅವರನ್ನು ನೋಡಿದಳು. ಇಷ್ಟು ವರ್ಷ ಜೊತೆಗೆ ಬದುಕಿದ ಮುಖ. ಬಯ್ಯಬೇಕೆನಿಸಲಿಲ್ಲ, ಸಮಾಧಾನ ಹೇಳಬೇಕೆಂದೂ ಅನ್ನಿಸಲಿಲ್ಲ. ಎರಡು ಬೆರಳಿಗೆ ಇನ್ನೂ ಹಚ್ಚುವುದಿತ್ತು. ಅವಳು ಮೆಲ್ಲಗೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಉಳಿದದ್ದನ್ನು ಎಡಗೈಯಿಂದ ತಾನೇ ಹಚ್ಚಿಕೊಂಡಳು.