ಹ್ಯಾಸ್ಕೆಲ್‌ನ ಗುಲಾಬಿ ಕಾರ್ಡು

ಬೂಟಿನಂಗಡಿಯ ಎನೋಸ್ ಹ್ಯಾಸ್ಕೆಲ್‌ಗೆ ವೂಸ್ಟರ್ ಊರಿನ ಅರ್ಧ ಹೆಂಗಸರ ಪಾದದ ಅಳತೆ ಬಾಯಿಪಾಠವಿತ್ತು. ಆದರೆ ಒಬ್ಬಳ ಮುಖ ನೋಡಿ ಮಾತಾಡಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಆ ಒಬ್ಬಳೆಂದರೆ ವಿಧವೆ ಲವೀನಿಯಾ ಟ್ರಿಪ್. ಅವಳಿಗೋ ಅಂಗಡಿಯವರು ಹಂಚುವ ಬಣ್ಣದ ಜಾಹೀರಾತು ಕಾರ್ಡುಗಳ ಹುಚ್ಚು. ಸಿಕ್ಕಿದ್ದನ್ನೆಲ್ಲ ಆಲ್ಬಮ್ಮಿಗೆ ಅಂಟಿಸುತ್ತಿದ್ದಳು.

ಮಾತಾಡುವ ಕೆಲಸ ಕಾರ್ಡೇ ಮಾಡಲಿ ಎಂದುಕೊಂಡ ಎನೋಸ್. ಬಾಸ್ಟನ್ನಿನಿಂದ ಬಂದ ಅಚ್ಚುಕೂಟದ ಏಜೆಂಟ್ ಮಾದರಿಗಳನ್ನು ಹರಡಿದಾಗ ಎಲ್ಲಕ್ಕಿಂತ ಚೆಂದದ್ದನ್ನು ಆರಿಸಿದ. ಗುಲಾಬಿ ಹೂವಿನ ಬುಟ್ಟಿಯಿಂದ ಇಣುಕುವ ರೆಕ್ಕೆಯ ಮಗು, ಸುತ್ತ ಚಿನ್ನದ ಅಂಚು, ಕೆಳಗೆ ಅಂಗಡಿಯ ಹೆಸರಿಗೆ ಖಾಲಿ ಜಾಗ. ಅಲ್ಲಿ ‘ಹ್ಯಾಸ್ಕೆಲ್ ಬೂಟುಗಳು’ ಎಂದು ಅಚ್ಚುಹಾಕಿಸಿದ.

“ಊರಲ್ಲಿ ಇದು ನಿಮ್ಮ ಹತ್ರ ಮಾತ್ರ ಇರತ್ತೆ,” ಅಂದ ಏಜೆಂಟ್.

ಬಂದ ಗಿರಾಕಿಗೆಲ್ಲ ‘ಈ ಬೂಟು ಕಚ್ಚಲ್ಲ’ ಎಂದು ಪ್ರಮಾಣ ಮಾಡುವ ಮನುಷ್ಯ ಈ ಮಾತನ್ನು ನಂಬಿಬಿಟ್ಟ.

ಬುಧವಾರ ಅಂಗಡಿ ಬೇಗ ಮುಚ್ಚಿ, ಉಸಿರುಗಟ್ಟುವ ಹಾಗೆ ಗಂಜಿ ಕಾಲರು ಬಿಗಿದು, ಕಾರ್ಡಿನ ಜೊತೆಗೇ ಮದುವೆಯ ಮಾತನ್ನೂ ಮುಗಿಸಿಬಿಡಬೇಕೆಂದು ಅವಳ ಮನೆಗೆ ಹೋದ. ಕಾರ್ಡು ನೋಡಿದ ಲವೀನಿಯಾ ತುಟಿ ಕಚ್ಚಿ ನಗು ತಡೆದಳು.

“ಕೂತ್ಕೊಳ್ಳಿ ಹ್ಯಾಸ್ಕೆಲ್ ಅವರೇ, ನಿಮ್ಮ ಬಳಗ ತೋರಿಸ್ತೀನಿ.”

ಆಲ್ಬಮ್ಮಿನ ಒಂದಿಡೀ ಪುಟದಲ್ಲಿ ಅದೇ ಬುಟ್ಟಿ, ಅದೇ ಮಗು. ಒಂದರ ಕೆಳಗೆ ಕಾಫಿಪುಡಿ, ಇನ್ನೊಂದರ ಕೆಳಗೆ ಪಿತ್ತದ ಔಷಧಿ, ಮತ್ತೊಂದರಲ್ಲಿ ಹಂದಿಯ ಮೇವು, ಮೂಲೆಯದರಲ್ಲಿ ಶವಪೆಟ್ಟಿಗೆಯ ಅಂಗಡಿ.

“ಪಾಪ, ಈ ಮಗು ಎಲ್ಲರ ಮನೇಲೂ ದುಡಿಯತ್ತೆ,” ಅಂದಳು.

ಎನೋಸ್‌ನ ಮುಖ ಕೆಂಪಗಾಯಿತು. ದೇವರು ತನ್ನನ್ನೂ ಹೀಗೇ ರಾಶಿಯಲ್ಲಿ ಅಚ್ಚುಹಾಕಿ, ಹೆಸರಿಗೆ ಮಾತ್ರ ಜಾಗ ಬಿಟ್ಟಿರಬೇಕು ಅನ್ನಿಸಿತು. ತಂದಿದ್ದ ಮಾತು ಕಾಲರಿನೊಳಗೇ ಸಿಕ್ಕಿಕೊಂಡಿತು.

“ಹಂದಿಯವನ ಪಕ್ಕ ಬೇಡ,” ಅಂದ ಕೊನೆಗೆ. “ಶವಪೆಟ್ಟಿಗೆಯವನ ಪಕ್ಕ ಹಾಕಿ. ಅವನ ಗಿರಾಕಿಗಳು ಯಾವತ್ತೂ ದೂರು ತಂದಿಲ್ಲ. ನಂಗೆ ಅದೊಂದೇ ಹೊಟ್ಟೆಕಿಚ್ಚು.”

ಅವಳು ಈಗ ಜೋರಾಗಿಯೇ ನಕ್ಕು, ಹಿಟ್ಟಿನ ಅಂಟಿನ ಬಟ್ಟಲನ್ನೂ ಬ್ರಷ್ಷನ್ನೂ ಅವನತ್ತ ತಳ್ಳಿದಳು. “ನೀವೇ ಅಂಟಿಸಿ.”

ಎನೋಸ್ ಅವಸರದಲ್ಲಿ ಬ್ರಷ್ಷು ಹಿಡಿದ. ಅಂಟು ಬಳಿದು, ಒತ್ತಿ, ಕೈ ತೆಗೆದು ನೋಡಿದರೆ ಮಗು ತಲೆಕೆಳಗು. ಇದ್ದ ಮರ್ಯಾದೆಯೂ ಹೋಯಿತೆಂದು ಅವನು ಉಗುರಿನಿಂದ ಕೀಳಲು ಹೊರಟಾಗ ಲವೀನಿಯಾ ಅವನ ಕೈ ಹಿಡಿದಳು.

“ಇರಲಿ ಬಿಡಿ. ಇಷ್ಟೊಂದರಲ್ಲಿ ನಿಮ್ಮದು ಯಾವುದು ಅಂತ ನಾನು ಹುಡುಕೋದು ತಪ್ಪಿತು.”

ಹಿಡಿದ ಕೈಯನ್ನು ಅವಳು ಬಿಡಲಿಲ್ಲ.